ಕಾಗದದ ಮೇಲಿನ 18 ಲಕ್ಷ

 

ಕಳೆದ ಭಾನುವಾರ ನಮ್ಮ ಬಳಗದ ಕಿರಿಯರೊಬ್ಬರು ಕೇಳಿದರು: "ಸರ್, ಈ ಎಐ ಕಂಪನಿಗಳೆಲ್ಲ ಗುಳ್ಳೆ ಅಂತಾರಲ್ಲ, ಒಡೆಯುತ್ತಾ?" 2025ರ ಅಕ್ಟೋಬರ್‌ನಲ್ಲಿ ಎನ್‌ವಿಡಿಯಾ ಕಂಪನಿಯೊಂದರ ಬೆಲೆಯೇ 5 ಲಕ್ಷ ಕೋಟಿ ಡಾಲರ್ ದಾಟಿದ ಸುದ್ದಿ ಅವರ ತಲೆಯಲ್ಲಿತ್ತು. ನಾನು ಕನ್ನಡ ಮೇಷ್ಟ್ರು. ಪೇಟೆಯ ಭವಿಷ್ಯ ಹೇಳುವ ಯೋಗ್ಯತೆ ನನಗಿಲ್ಲ (ಟಿವಿಯಲ್ಲಿ ಹೇಳುವವರಿಗೂ ಇದ್ದಂತಿಲ್ಲ). ಆದರೆ ಗುಳ್ಳೆಯ ಬಗ್ಗೆ ಒಂದೆರಡು ಮಾತು ಆಡಬಲ್ಲೆ, ಯಾಕೆಂದರೆ ಒಂದನ್ನು ನಾನೇ ಊದಿದ್ದೆ.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ. 2021ರಲ್ಲಿ ಬೆಂಗಳೂರಿನ ಒಂದು ಸ್ಟಾರ್ಟ್‌ಅಪ್ ಕರೆಯಿತು. ಸಂಬಳದ ಜೊತೆ ಷೇರೂ ಕೊಡುತ್ತಾರೆ, ಈಗಿನ ಬೆಲೆಗೆ 18 ಲಕ್ಷ ಅಂದ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಅಕ್ಕ "ಸರ್ಕಾರಿ ಕೆಲಸಾನೇ ನೋಡ್ಕೊಳ್ಲಿ" ಅಂದಳು. "ಕಾಲ ಬದಲಾಗಿದೆ, ಸೇರಲಿ ಬಿಡು" ಅಂದವನು ನಾನು. ವಿಹಾರದಲ್ಲಿ ವಂದನೆ ಮುಗಿದ ಮೇಲೆ ಆ 18 ಲಕ್ಷದ ಮಾತನ್ನು ಕೇಳದವರಿಗೂ ಹೇಳಿದ್ದೆ. 2023ರಲ್ಲಿ ಹೂಡಿಕೆ ನಿಂತಿತು. ಒಂದು ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಅವನ ಕೆಲಸ ಹೋಯಿತು. ಷೇರು ಮಾರೋಣವೆಂದರೆ ಕೊಳ್ಳುವವರೇ ಇಲ್ಲ.

ಹಾಗಾದರೆ ಆ 18 ಲಕ್ಷ ಎಲ್ಲಿತ್ತು? ಅವನೇ ಹಾಳೆಯ ಮೇಲೆ ಬರೆದು ತೋರಿಸಿದ. ಒಂದು ಹೂಡಿಕೆ ನಿಧಿ 10 ಕೋಟಿ ಕೊಟ್ಟು ಕಂಪನಿಯ ಹತ್ತನೇ ಒಂದು ಪಾಲು ಕೊಂಡರೆ, ಇಡೀ ಕಂಪನಿಯ ಬೆಲೆ 100 ಕೋಟಿ ಎಂದು ಪತ್ರಿಕೆಯಲ್ಲಿ ಬರುತ್ತದೆ. ಬ್ಯಾಂಕಿಗೆ ಬಂದದ್ದು 10 ಕೋಟಿ ಮಾತ್ರ. ಉಳಿದ 90 ಕೋಟಿಯನ್ನು ಯಾರೂ ಕೊಟ್ಟಿಲ್ಲ. ನಾಳೆ ಬರುವವನು ಇನ್ನೂ ಹೆಚ್ಚು ಕೊಡುತ್ತಾನೆ ಎಂಬ ನಂಬಿಕೆಯೇ ಅದು. ಅಮೆರಿಕದ ವಿವರ್ಕ್ ಕಂಪನಿಗೆ 2019ರ ಜನವರಿಯಲ್ಲಿ ಹೀಗೆಯೇ 4,700 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2023ರ ನವೆಂಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು.

ಇದೆಲ್ಲ ಬರೀ ಮೋಸ ಎಂದೂ ನಾನು ಹೇಳಲಾರೆ. 2000ದ ಮಾರ್ಚ್‌ನಲ್ಲಿ 5,000 ದಾಟಿದ್ದ ನಾಸ್ಡಾಕ್ ಸೂಚ್ಯಂಕ 2002ರ ಅಕ್ಟೋಬರ್ ಹೊತ್ತಿಗೆ 1,100ರ ಆಸುಪಾಸಿಗೆ ಬಿತ್ತು. ಆದರೆ ಆಗ ಸಾಲ ಮಾಡಿ ಸಮುದ್ರದಡಿ ಎಳೆದ ಕೇಬಲ್‌ಗಳು ಉಳಿದವು, ಅಗ್ಗವಾದವು. ಬೆಂಗಳೂರಿನ ಐಟಿಗೂ ಅದರಿಂದ ಅನುಕೂಲವಾಯಿತು. ಬಾಬಾಸಾಹೇಬರೂ ಹಣದ ದ್ವೇಷಿಯಲ್ಲ. 1918ರಲ್ಲಿ ಬರ್ಟ್ರಂಡ್ ರಸೆಲ್‌ರ ಪುಸ್ತಕವನ್ನು ವಿಮರ್ಶಿಸುತ್ತಾ, ಹಣದ ಆಸೆಯನ್ನು ಒಟ್ಟಾಗಿ ಹಳಿಯುವುದು ಸರಿಯಲ್ಲ, ಯಾವ ಉದ್ದೇಶಕ್ಕೆ ಎಂದು ನೋಡಬೇಕು ಎಂದು ವಾದಿಸಿದ್ದರು.

ನನ್ನನ್ನು ಕಾಡುವುದು ಬೇರೆ. ಹೂಡಿಕೆ ನಿಧಿ ಇಪ್ಪತ್ತು ಮೂವತ್ತು ಕಂಪನಿಗಳಿಗೆ ದುಡ್ಡು ಹಾಕುವಾಗಲೇ ಹೆಚ್ಚಿನವು ಮುಳುಗುತ್ತವೆಂದು ಲೆಕ್ಕ ಹಿಡಿದಿರುತ್ತದೆ. ಒಂದೆರಡು ಗೆದ್ದರೆ ಸಾಕು. ನಿಧಿ ನಡೆಸುವವರಿಗೆ ವರ್ಷ ವರ್ಷ ಶುಲ್ಕವೂ ಸಲ್ಲುತ್ತದೆ. ನಮ್ಮ ಹುಡುಗನ ಹತ್ತಿರ ಹಾಗೆ ಹಂಚಿ ಇಡಲು ಇಪ್ಪತ್ತು ಬದುಕು ಇರಲಿಲ್ಲ. ಹಾಗಂತ ನಾನು ಆಚೆ ನಿಂತು ಬೈಯುವಂತೆಯೂ ಇಲ್ಲ. ಕೆನಡಾದ ಒಂಟಾರಿಯೊ ಶಿಕ್ಷಕರ ಪಿಂಚಣಿ ನಿಧಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಗೆ 9.5 ಕೋಟಿ ಡಾಲರ್ ಹಾಕಿ, 2022ರ ನವೆಂಬರ್‌ನಲ್ಲಿ ಅಷ್ಟನ್ನೂ ಸೊನ್ನೆ ಎಂದು ಬರೆದುಕೊಂಡಿತು. ಅವರ ಒಟ್ಟು ನಿಧಿಯಲ್ಲಿ ಅದು ಒಂದು ಚೂರು, ನಿಜ. ಆದರೂ ಮೇಷ್ಟ್ರುಗಳ ದುಡ್ಡು. ನಾನೂ 2006ರ ನಂತರ ಸೇರಿದ ಎನ್‌ಪಿಎಸ್‌ನವನು. ನನ್ನ ಕಡಿತದ ಒಂದು ಪಾಲೂ ಷೇರು ಪೇಟೆಯಲ್ಲೇ ಇದೆ.

ಸಂಯುತ್ತ ನಿಕಾಯದ ಫೇಣ ಸುತ್ತದಲ್ಲಿ ಭಗವಾನರು ರೂಪವನ್ನು ನದಿಯ ನೊರೆಗೆ, ವೇದನೆಯನ್ನು ಮಳೆಯಲ್ಲಿ ಏಳುವ ನೀರ್ಗುಳ್ಳೆಗೆ ಹೋಲಿಸುತ್ತಾರೆ. ವೇದನೆಗೆ ಗುಳ್ಳೆಯೇ ಯಾಕೆ ಎಂದು ನನಗೆ ಬಹಳ ಕಾಲ ತಿಳಿದಿರಲಿಲ್ಲ. ವಿಹಾರದಲ್ಲಿ ಆ ಸಂಖ್ಯೆ ಹೇಳುವಾಗ ನನ್ನೊಳಗೆ ಎದ್ದದ್ದು ಸುಖ ವೇದನೆ. ನಮ್ಮಪ್ಪ ಕೂಲಿಯ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲ ಗೀಟು ಎಳೆದು ಇಡುತ್ತಿದ್ದ. ಆ ಮನೆಯಿಂದ ಬಂದವನ ಬಾಯಲ್ಲಿ 18 ಲಕ್ಷ ಎಂಬ ಮಾತು ಎಷ್ಟು ಸಿಹಿ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಆಸೆ ತಪ್ಪು ಎಂದು ಈಗಲೂ ನನಗನ್ನಿಸುವುದಿಲ್ಲ. ಆದರೆ ಸುಖ ನನ್ನದು, ಅಪಾಯ ಅವನದು. ನನ್ನ ಹೆಮ್ಮೆಗೆ ಅವನ ಎರಡು ವರ್ಷ ಪಣಕ್ಕಿಟ್ಟೆ. ನಿಧಿಯವರಿಗೂ ನನಗೂ ಅಲ್ಲಿ ಏನು ವ್ಯತ್ಯಾಸ?

ಸಿಗಾಲೋವಾದ ಸುತ್ತದಲ್ಲಿ ಗೃಹಸ್ಥನ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದೆ. ಒಂದು ಬದುಕಿಗೆ, ಎರಡು ದುಡಿಮೆಗೆ, ಒಂದು ಆಪತ್ತಿಗೆ. ಅರ್ಧದಷ್ಟನ್ನು ಉದ್ಯಮಕ್ಕೇ ಬಿಟ್ಟಿದ್ದಾರೆ ನೋಡಿ. ಹುಡುಗನಿಗೆ ಸೇರು ಎಂದ ನಾನು ಆ ನಾಲ್ಕನೇ ಪಾಲಿನ ಮಾತನ್ನೇ ಎತ್ತಿರಲಿಲ್ಲ.

ಈಗ ಅವನಿಗೆ ಇನ್ನೊಂದು ಕಂಪನಿಯ ಕರೆ ಬಂದಿದೆ. ಎಐ ಕೆಲಸ, ಮತ್ತೆ ಷೇರು. ಏನು ಮಾಡಲಿ ಮಾವ ಅಂದ. ಬ್ಯಾಂಕಿನಲ್ಲಿ ಎಷ್ಟು ತಿಂಗಳ ಬಾಡಿಗೆ ಇದೆ ಅಂತ ಕೇಳಿದೆ. ನಾಲ್ಕು ಅಂದ. ಒಳಗಿನಿಂದ ಅಕ್ಕ ಕೂಗಿದಳು: "ಮೊದಲು ಆರು ಮಾಡ್ಕೊ, ಆಮೇಲೆ ಹೋಗು."