ಪ್ರಭಾವದ ಋಣ

ಅಮೆರಿಕದ ರಾಕ್ ಸಂಗೀತದ ಮೇಲೆ ಯಾರ ಪ್ರಭಾವ ಹೆಚ್ಚಿನದೆಂದು ಕೇಳಿದರೆ, ನಾನೂ ಬಹುಕಾಲ ಎಲ್ವಿಸ್ ಪ್ರೀಸ್ಲಿಯ ಹೆಸರನ್ನೇ ಹೇಳುತ್ತಿದ್ದೆ. ಕೀರ್ತಿಯನ್ನೇ ಪ್ರಭಾವವೆಂದು ಭ್ರಮಿಸಿದ್ದೆ.

ಎಲ್ವಿಸ್‌ನ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1954ರಲ್ಲಿ. ಅದಕ್ಕೆ ಎಷ್ಟೋ ಮೊದಲೇ, ಆರ್ಕನ್ಸಾದಲ್ಲಿ ಹುಟ್ಟಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಕಪ್ಪು ಜನಾಂಗದ ಗಾಯಕಿ ಇಗರ್ಜಿಯ ಭಕ್ತಿಗೀತೆಗಳನ್ನು ವಿದ್ಯುತ್ ಗಿಟಾರಿನೊಡನೆ ಹಾಡಿ ಜನರನ್ನು ಕುಣಿಸಿದ್ದರು. ಹುಡುಗನಾಗಿದ್ದ ಲಿಟ್ಲ್ ರಿಚರ್ಡ್‌ನನ್ನು 1947ರಲ್ಲಿ ವೇದಿಕೆಗೆ ಕರೆದು ಹಾಡಿಸಿದವರೂ ಆಕೆಯೇ. 1973ರಲ್ಲಿ ಆಕೆ ತೀರಿಕೊಂಡರು. ಫಿಲಡೆಲ್ಫಿಯದ ಸಮಾಧಿಯ ಮೇಲೆ ಮೂವತ್ತು ವರ್ಷ ಕಳೆದರೂ ಹೆಸರಿನ ಕಲ್ಲೊಂದು ನಿಲ್ಲಲಿಲ್ಲ. ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ 1986ರಲ್ಲಿಯೇ ಎಲ್ವಿಸ್‌ನನ್ನು ಸೇರಿಸಿಕೊಂಡಿತು. ಆಕೆಗೆ ಬಾಗಿಲು ತೆರೆದದ್ದು 2018ರಲ್ಲಿ.

ಹಾಗಾದರೆ ಎಲ್ವಿಸ್ ಕಳ್ಳನೆ? ಹಾಗೆನ್ನಲಾರೆ. ಕಲೆಯಲ್ಲಿ ಸಾಲ ಮಾಡದವರುಂಟೆ? ತಾನು ಹಾಡುವುದು ಕಪ್ಪು ಜನರು ಬಹುಕಾಲದಿಂದ ಹಾಡಿಕೊಂಡು ಬಂದದ್ದೆಂದು 1956ರಲ್ಲಿ ಆತನೇ ಒಪ್ಪಿಕೊಂಡಿದ್ದ. ಸಾಲಗಾರ ಸಾಲವನ್ನು ಒಪ್ಪಿದ; ಕೊಟ್ಟವರಾರೆಂದು ವಿಚಾರಿಸದೆ ಹೋದವರು ಕೇಳುಗರಾದ ನಾವು. ಆ ಋಣ ಈಗ ನಮ್ಮ ಲೆಕ್ಕಕ್ಕೆ ಬಂದಿದೆ. ಸತ್ತವರಿಗೆ ಅದನ್ನು ತೀರಿಸಲಾಗದು. ಮುಂದಿನ ಹಾಡು ಕೇಳುವಾಗ ಅದು ಯಾರಿಂದ ಬಂತೆಂದು ಕೇಳಿಕೊಳ್ಳುವುದಾದರೂ ನಮ್ಮಿಂದ ಆದೀತಲ್ಲವೆ?