ಅರ್ಧ ಸೌಟು ಅನ್ನ

ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದು ಎಂಬುದು ಸುಳ್ಯದ ಬಳಿಯ ಮರ್ಕಂಜದ ಮಕ್ಕಳಿಗೂ ಗೊತ್ತು, ಯಾಕೆಂಬ ಕತೆಯೂ ಗೊತ್ತು. ಹೊಟ್ಟೆ ಬಿರಿಯೆ ಕಡುಬು ತಿಂದ ಗಣಪತಿ ಇಲಿಯೇರಿ ಹೊರಟ. ಹಾವು ಅಡ್ಡ ಬಂತು, ಇಲಿ ಬೆದರಿತು, ಸವಾರ ಬಿದ್ದ, ಹೊಟ್ಟೆ ನಿಜವಾಗಿಯೇ ಬಿರಿಯಿತು. ಚೆಲ್ಲಿದ ಕಡುಬನ್ನೆಲ್ಲ ಒಳಗೆ ತುಂಬಿ, ಆ ಹಾವನ್ನೇ ಎತ್ತಿ ಸೊಂಟಕ್ಕೆ ಬಿಗಿದುಕೊಂಡ. ಮೇಲಿದ್ದ ಚಂದ್ರ ನಕ್ಕ, ಶಾಪ ಹೊತ್ತ. ಇಷ್ಟು ಪರಿಚಿತ ಕತೆಯಲ್ಲಿ ಒಂದು ಸಂಗತಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಶಾಪ ತಟ್ಟಿದ್ದು ತಿಂದವನಿಗಲ್ಲ, ನಕ್ಕವನಿಗೆ.

ತೂಕ ಇಳಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ನಗೆಗೆ ಎರಡು ಸಲ ಸಿಕ್ಕಿಬೀಳುತ್ತಾರೆ. ದಪ್ಪ ಇದ್ದಾಗ ‘ಬಾಯಿ ಕಟ್ಟಲಾಗದವರು’. ಮೈ ಇಳಿದ ಮೇಲೆ ‘ಹೊಟ್ಟೆ ಕೊಯ್ಸಿಕೊಂಡು ಇಳಿಸಿದವರು’. ಮೊದಲನೆಯದು ಬರೀ ಚೇಷ್ಟೆ. ಎರಡನೆಯದರ ಒಳಗೆ ಒಂದು ಧಾರ್ಮಿಕ ತಕರಾರು ಅಡಗಿದೆ. ನಾಲಗೆಯನ್ನು ಹಿಡಿತದಲ್ಲಿಡುವುದು ಪುಣ್ಯ ಎಂದು ನಂಬಿದ ನಾಡಿನಲ್ಲಿ, ಹಸಿವನ್ನೇ ಕತ್ತರಿಸಿ ತೆಗೆಸಿಕೊಂಡವರ ಮಿತಾಹಾರಕ್ಕೆ ಏನು ಬೆಲೆ? ಗೆಲ್ಲದೆ ಸಿಕ್ಕ ಗೆಲುವು ಅದಲ್ಲವೆ?

ಉತ್ತರ ಹುಡುಕುವ ಮೊದಲು ಕತ್ತರಿ ಎಲ್ಲಿ ಆಡುತ್ತದೆ ಎಂದು ನೋಡಬೇಕು. ಇಂದು ಹೆಚ್ಚಾಗಿ ನಡೆಯುವುದು ‘ಸ್ಲೀವ್’ ಎಂಬ ವಿಧಾನ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಜಠರದ ನೂರಕ್ಕೆ 75ರಿಂದ 80 ಪಾಲನ್ನು ಉದ್ದುದ್ದಕ್ಕೆ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯ ಆಕಾರದ ಒಂದು ಕೊಳವೆ. ‘ಬೈಪಾಸ್’ನಲ್ಲಿ ಜಠರದ ಮೇಲ್ತುದಿಯನ್ನು ಪುಟ್ಟ ಚೀಲ ಮಾಡಿ ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಇದರ ಮೂಲ ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯ. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರು ಸೊರಗುವುದನ್ನು ಗಮನಿಸಿ, 1960ರ ದಶಕದಲ್ಲಿ ಆ ಅಡ್ಡಪರಿಣಾಮವನ್ನೇ ಚಿಕಿತ್ಸೆಯಾಗಿ ತಿರುಗಿಸಿದ.

ಆಮೇಲಿನ ದಿನಗಳನ್ನು ‘ಸುಲಭದ ದಾರಿ’ ಎನ್ನುವವರು ಒಮ್ಮೆ ಬದುಕಿ ನೋಡಬೇಕು. ಮೊದಲು ತಿಳಿ ದ್ರವ, ಬಳಿಕ ಗಂಜಿಯಂಥದ್ದು, ವಾರಗಳು ಕಳೆದ ಮೇಲೆ ಮೆತ್ತಗೆ ಬೆಂದದ್ದು. (ಕುಚ್ಚಲಕ್ಕಿ ಗಂಜಿಯ ತಿಳಿ ಕುಡಿದೇ ಜ್ವರ ಬಿಡಿಸಿಕೊಂಡ ಸುಳ್ಯದ ಕಡೆಯವರಿಗೆ ಇಷ್ಟರ ಮಟ್ಟಿಗೆ ಇದು ಹೊಸ ಪಥ್ಯವಲ್ಲ.) ಉಣ್ಣುವಾಗ ನೀರು ಕುಡಿಯುವಂತಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಜೀವಮಾನವಿಡೀ ಬೇಕು. ಕೆಲವು ತಿಂಗಳು ಕೂದಲು ಉದುರುತ್ತದೆ. ಬೈಪಾಸ್ ಆದವರು ಆಸೆಗೆ ಬಿದ್ದು ಒಂದು ಹೋಳಿಗೆ ತಿಂದರೆ ಎದೆ ಡವಗುಟ್ಟಿ, ಬೆವರಿ, ಮಲಗಿಬಿಡಬೇಕಾದೀತು. ಇಷ್ಟೆಲ್ಲ ಆಗಿಯೂ ಎಚ್ಚರ ತಪ್ಪಿದರೆ ವರ್ಷಗಳಲ್ಲಿ ತೂಕ ಮತ್ತೆ ಏರಬಹುದು.

ಜಠರದ ಈ ಶಸ್ತ್ರಚಿಕಿತ್ಸೆಯನ್ನೂ ಕೊಬ್ಬು ಹೀರಿ ತೆಗೆಯುವುದನ್ನೂ ಒಂದೇ ಎಂದುಕೊಳ್ಳುವವರು ಬಹಳ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡದ್ದು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದಾಗ. ಅದು ಆಕಾರ ತಿದ್ದುವ ಕೆಲಸ, ಕಾಯಿಲೆಯ ಚಿಕಿತ್ಸೆಯಲ್ಲ. ಜಠರದ ಶಸ್ತ್ರಚಿಕಿತ್ಸೆಯ ಲೆಕ್ಕ ಬೇರೆ. 2011ರಲ್ಲಿ ನಿತಿನ್ ಗಡ್ಕರಿ, 2014ರ ಸೆಪ್ಟೆಂಬರಿನಲ್ಲಿ ಅರುಣ್ ಜೇಟ್ಲಿ ಇದನ್ನು ಮಾಡಿಸಿಕೊಂಡರು. ಇಬ್ಬರಿಗೂ ಸಕ್ಕರೆ ಕಾಯಿಲೆಯಿತ್ತು. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಆದ 2010 ಜನರನ್ನೂ ಆಗದ 2037 ಜನರನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. ಮೊದಲ ಗುಂಪಿನಲ್ಲಿ ಸಾವು ಸುಮಾರು ಕಾಲು ಪಾಲು ಕಡಿಮೆ. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವೂ 2019ರಲ್ಲಿ ಇದಕ್ಕೆ ವಿಮೆ ಸಿಗಲು ಷರತ್ತು ಬರೆಯಿತು. 18 ತುಂಬಿರಬೇಕು, ದೇಹತೂಕದ ಸೂಚ್ಯಂಕ ಕನಿಷ್ಠ 40 ಇರಬೇಕು. ಹತೋಟಿಗೆ ಬಾರದ ಮಧುಮೇಹದಂಥ ತೀವ್ರ ಕಾಯಿಲೆ ಜೊತೆಗಿದ್ದು ಬೇರೆ ಉಪಾಯ ಸೋತಿದ್ದರೆ 35 ಸಾಕು. ವಿಮೆಯ ಕಾಗದ ಅತಿ ದಪ್ಪವನ್ನು ಕಾಯಿಲೆ ಎಂದು ಒಪ್ಪಿದೆ. ಊರು ಇನ್ನೂ ಒಪ್ಪಿಲ್ಲ.

ಊರು ಒಪ್ಪದಿರುವುದಕ್ಕೆ ಕಾರಣವಿದೆ. ಹಸಿವೆಂಬುದು ಮನಸ್ಸಿನ ಕೈಯಲ್ಲಿದೆ, ಮನಸ್ಸು ಮಾಡಿದರೆ ಅಡಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ‘ಗ್ರೆಲಿನ್’ ಎಂಬ ಹಾರ್ಮೋನನ್ನು ಗುರುತಿಸಿದರು. ಉಣ್ಣು ಎಂದು ಮಿದುಳಿಗೆ ಕರೆ ಕಳಿಸುವ ಹಾರ್ಮೋನು ಇದು. ಇದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲಿನ ಗುಮ್ಮಟದಲ್ಲಿ. ಸ್ಲೀವ್ ಮಾಡುವಾಗ ಕತ್ತರಿಸಿ ತೆಗೆಯುವುದು ಆ ಗುಮ್ಮಟವನ್ನೇ. ಅಂದರೆ ಚೀಲ ಚಿಕ್ಕದಾಗುವುದಷ್ಟೇ ಅಲ್ಲ, ಕರೆಯುವ ದನಿಯೂ ತಗ್ಗುತ್ತದೆ. ವರ್ಷಗಟ್ಟಲೆ ತನ್ನನ್ನು ತಾನೇ ಬೈದುಕೊಂಡವರಿಗೆ ಮೊದಲ ಬಾರಿ ಕಿವಿಯೊಳಗೆ ಮೌನ. ಆಗ ಅವರಿಗೆ ಹೊಳೆಯುವ ಪ್ರಶ್ನೆ ಸಣ್ಣದಲ್ಲ: ಇಷ್ಟು ದಿನ ‘ನನ್ನ ದೌರ್ಬಲ್ಯ’ ಎಂದುಕೊಂಡದ್ದು ನಾನಾಗಿರಲಿಲ್ಲವೆ? ಅದು ಅಂಗೈಯಗಲದ ಮಾಂಸದ ಕೆಲಸವಾಗಿತ್ತೆ?

ಇದು ಪಶ್ಚಿಮದ ಹೊಸ ನೆಪ ಎನ್ನುವವರು ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಓದಬೇಕು. ಜಗತ್ತು ಹಳಿಯುವ ಎಂಟು ಬಗೆಯ ದೇಹಗಳ ಪಟ್ಟಿಯಿಂದಲೇ ಆ ಅಧ್ಯಾಯ ತೊಡಗುತ್ತದೆ. ಅತಿ ದಪ್ಪದವರು ಅದರಲ್ಲಿದ್ದಾರೆ. ಅತಿಯಾಗಿ ತಿನ್ನುವುದು, ಮೈ ಬಳಸದಿರುವುದು, ಹಗಲು ನಿದ್ದೆ ಎಂದು ಕಾರಣ ಎಣಿಸುತ್ತ ಚರಕ ‘ಬೀಜಸ್ವಭಾವ’ವನ್ನೂ ಸೇರಿಸುತ್ತಾನೆ. ಹುಟ್ಟಿನಿಂದ ಬಂದದ್ದು ಎಂದರ್ಥ. ಮೇದಸ್ಸು ದಾರಿ ಕಟ್ಟಿದಾಗ ವಾಯು ಕೋಷ್ಠದಲ್ಲೇ ಸುತ್ತಿ ಜಠರಾಗ್ನಿಯನ್ನು ಊದುತ್ತದೆ, ಹಾಗಾಗಿ ಅಂಥವನಿಗೆ ಹಸಿವು ಹೆಚ್ಚು, ಅದು ಕಾಳ್ಗಿಚ್ಚಿನಂತೆ ಎಂದು ವಿವರಿಸುತ್ತಾನೆ. ತಿಂದದ್ದರಿಂದ ದಪ್ಪವಾದ ಎಂಬ ಮಾತನ್ನು ಅವನು ಅಲ್ಲಿಗೇ ಬಿಡುವುದಿಲ್ಲ. ದಪ್ಪವಾದ್ದರಿಂದ ಹಸಿದ ಎಂದೂ ಹೇಳುತ್ತಾನೆ. ಇಂದಿನ ಅವಳಿಗಳ ಅಧ್ಯಯನಗಳೂ ದೇಹತೂಕದ ವ್ಯತ್ಯಾಸದಲ್ಲಿ ನೂರಕ್ಕೆ 40ರಿಂದ 70 ಪಾಲು ವಂಶವಾಹಿಯದು ಎನ್ನುತ್ತವೆ.

ಮರ್ಕಂಜ ಇರುವ ಸೀಮೆಯ ಮೈಯಲ್ಲಿ ಇನ್ನೊಂದು ನೆನಪೂ ಇದೆ, ಆಟಿಯದು. ಮಳೆ ಹಿಡಿದು, ಗದ್ದೆ ಕೆಲಸ ಮುಗಿದು, ಕಣಜ ಬರಿದಾಗುವ ತಿಂಗಳು. ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಬೇಯಿಸಿ ಒಣಗಿಸಿದ ಹಲಸಿನ ಬೀಜ, ಕೆಸುವಿನ ಎಲೆಯ ಪತ್ರೊಡೆ, ಇವೆಲ್ಲ ಈಗ ‘ಆಟಿದ ಕೂಟ’ಗಳಲ್ಲಿ ಸಂಭ್ರಮದ ತಿನಿಸು, ಆಗ ಹಸಿವಿಗೆ ಹೂಡಿದ ಉಪಾಯ. ಆಟಿ ಅಮಾವಾಸ್ಯೆಯಂದು ಬರಿಹೊಟ್ಟೆಯಲ್ಲಿ ಪಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವುದು ಇಂದಿಗೂ ನಿಂತಿಲ್ಲ. ‘ಊಟ ಆತಾ?’ ಎಂಬುದೇ ಕುಶಲಪ್ರಶ್ನೆಯಾಗಿ ಉಳಿದದ್ದೂ ಆ ಕಾಲದಿಂದ ಇರಬೇಕು. ಬಳಿಕ ಕಾಲ ಬದಲಾಯಿತು: ಅಡಿಕೆ ಸುಲಿಯಲು ಯಂತ್ರ ಬಂತು, ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿ ಬಂತು, ಹುಲ್ಲು ಕತ್ತರಿಸಲೂ ಯಂತ್ರ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗ ತೋಟವನ್ನೇ ನುಂಗಿದ್ದರಿಂದ ಕೆಲವರಿಗೆ ಮೈ ಬಗ್ಗಿಸುವ ಕೆಲಸವೇ ಕಡಿಮೆಯಾಯಿತು. ಕೊರತೆಗೆಂದು ಪಳಗಿದ ಮೈ ಮಾತ್ರ ಹಳೆಯದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಇವರೆಲ್ಲರೂ ಒಟ್ಟಿಗೇ ಸಂಯಮ ಕಳೆದುಕೊಂಡರು ಎನ್ನುವುದು ನಂಬುವ ಮಾತಲ್ಲ.

ಸರಿ, ಹಸಿವು ದೋಷವಲ್ಲ ಎಂದಿಟ್ಟುಕೊಳ್ಳೋಣ. ಆದರೂ ಗೆಲ್ಲಲು ಹೊರಗಿನ ಆಸರೆ ಹಿಡಿದದ್ದು ಸರಿಯೆ? ಇಲ್ಲಿ ಪಾಲಿ ಸಂಯುತ್ತ ನಿಕಾಯದ ಒಂದು ಪ್ರಸಂಗ ನೆರವಿಗೆ ಬರುತ್ತದೆ. ಕೋಸಲದ ರಾಜ ಪಸೇನದಿ ಕೊಳಗದ ಲೆಕ್ಕದಲ್ಲಿ ಅನ್ನ ಉಣ್ಣುವವ. ಒಮ್ಮೆ ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿ ಬಂದ. ಬುದ್ಧ ಬೈಯಲಿಲ್ಲ, ಮಿತವಾಗಿ ಉಂಡವನ ನೋವು ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ಒಂದು ಗಾಥೆ ಹೇಳಿದ. ರಾಜ ಅದನ್ನು ತಾನು ಬಾಯಿಪಾಠ ಮಾಡಲಿಲ್ಲ. ಹಿಂದೆ ನಿಂತಿದ್ದ ಸುದಸ್ಸನ ಎಂಬ ತರುಣನಿಗೆ ಅದನ್ನು ಬುದ್ಧನಿಂದಲೇ ಕಲಿಯಲು ಹೇಳಿ, ದಿನಕ್ಕೆ ನೂರು ಕಹಾಪಣ ಕೊಟ್ಟು, ತಾನು ಉಣ್ಣುವಾಗಲೆಲ್ಲ ಹೇಳಲು ನೇಮಿಸಿದ. ಅನ್ನ ಇಳಿಯುತ್ತ ಬಂತು, ಮೈ ಹಗುರವಾಯಿತು. ಸಂಯಮವನ್ನು ಸಂಬಳಕ್ಕಿಟ್ಟುಕೊಂಡ ರಾಜ! ಕತೆ ಅವನನ್ನು ಹೀಗಳೆಯುವುದಿಲ್ಲ. ಕೊನೆಗೆ ಅವನು ತನ್ನ ಮೈ ಸವರಿಕೊಂಡು ಬುದ್ಧನಿಗೆ ಕೃತಜ್ಞತೆ ಹೇಳುತ್ತಾನೆ.

ಯೋಚಿಸಿದರೆ ಯಾವ ವ್ರತವೂ ಬರಿ ಮನಸ್ಸಿನ ಬಲದ ಮೇಲೆ ನಿಂತಿಲ್ಲ. ಮಾಧ್ವರ ಏಕಾದಶಿಗೆ ಪಂಚಾಂಗದ ಆಸರೆ, ದ್ವಾದಶಿಯ ಪಾರಣೆಯ ಭರವಸೆ. ರಂಜಾನಿನ ಉಪವಾಸಕ್ಕೆ ಬಾಂಗಿನ ಗಡಿಯಾರ, ಇಡೀ ಕೇರಿಯ ಜೊತೆ. ಜೈನರು ಹೊಟ್ಟೆಗಿಂತ ಕಡಿಮೆ ಉಣ್ಣುವುದನ್ನು ಬಾಹ್ಯ ತಪಸ್ಸುಗಳ ಪಟ್ಟಿಗೆ ಸೇರಿಸಿದರು, ಹೆಸರಲ್ಲೇ ‘ಬಾಹ್ಯ’. ಗಾಂಧಿಯ ಏಕಾದಶ ವ್ರತಗಳಲ್ಲಿ ಒಂದಾದ ಅಸ್ವಾದಕ್ಕೂ ಆಶ್ರಮದ ಅಡುಗೆಮನೆ ಬೇಕಿತ್ತು. ಕತ್ತರಿ ಈ ಸಾಲಿನ ಕೊನೆಯ, ಅತ್ಯಂತ ಒರಟು ಆಸರೆ. ಮರಳಿ ಬರಲಾಗದ್ದು ಎಂಬುದೇ ಅದಕ್ಕೂ ವ್ರತಕ್ಕೂ ಇರುವ ದೊಡ್ಡ ಅಂತರ. ಅದು ಪುಣ್ಯ-ಪಾಪದ ಅಂತರವಲ್ಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ, ಹಸಿವು ತಗ್ಗಿಸುವ ಚುಚ್ಚುಮದ್ದುಗಳು ಭಾರತಕ್ಕೆ ಬಂದ ಮೇಲೆ ಮರಳಿ ಬರಬಹುದಾದ ಆಸರೆಯೂ ಸಿಕ್ಕಿದೆ. ಹೊರಗಿನ ಆಸರೆ ಸರಿಯೆ ಎಂಬ ಪ್ರಶ್ನೆ ಮಾತ್ರ ಅದೇ.

ಹಾಗೆಂದು ಕತ್ತರಿಗೆ ಮಂಗಳಾರತಿ ಎತ್ತಬೇಕಿಲ್ಲ. ಅಕ್ಕಮಹಾದೇವಿ ತನ್ನ ಒಂದು ವಚನದಲ್ಲಿ ಹಸಿವು, ನಿದ್ರೆ, ಕಾಮ, ಕ್ರೋಧಗಳನ್ನೆಲ್ಲ ಹೆಸರು ಹಿಡಿದು ಕರೆದು ‘ನಿಲ್ಲು ನಿಲ್ಲು’ ಎನ್ನುತ್ತಾಳೆ. ಚೆನ್ನಮಲ್ಲಿಕಾರ್ಜುನನ ಅವಸರದ ಓಲೆಯನ್ನು ಒಯ್ಯುತ್ತಿರುವವಳು ಅವಳು. ಅಕ್ಕ ಹಸಿವನ್ನು ಒಂಟಿಯಾಗಿ ಕರೆಯಲಿಲ್ಲ, ಅದರ ಬಳಗವನ್ನೇ ಕರೆದಳು. ಶಸ್ತ್ರವೈದ್ಯನಿಗೆ ಆ ಬಳಗದಲ್ಲಿ ಒಬ್ಬನ ವಿಳಾಸ ಮಾತ್ರ ಗೊತ್ತು.

ಉಳಿದವರು ಮನೆಯಲ್ಲೇ ಇರುತ್ತಾರೆ. ಅಮೆರಿಕದ ಲೇಖಕಿ ರಾಕ್ಸೇನ್ ಗೇ ಹನ್ನೆರಡನೇ ವಯಸ್ಸಿನಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದವರು. ಇನ್ನಾರೂ ಹತ್ತಿರ ಬಾರದಂತೆ ಮೈಯನ್ನೇ ಕೋಟೆಯಾಗಿ ಬೆಳೆಸಿದ್ದನ್ನು 2017ರಲ್ಲಿ ‘ಹಂಗರ್’ ಎಂಬ ಆತ್ಮಕಥನದಲ್ಲಿ ಬರೆದರು. ಮರುವರ್ಷ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದನ್ನೂ ಮುಚ್ಚಿಡದೆ ಬರೆದರು. ತೂಕ ಇಳಿಯಿತು. ಆದರೆ ದುಃಖ ಬಂದಾಗ ಆತುಕೊಳ್ಳಲು ಊಟವಿರಲಿಲ್ಲ. ಅದುವರೆಗೆ ಅನ್ನದಡಿ ಹೂತಿಟ್ಟದ್ದನ್ನೆಲ್ಲ ಎದುರಿಸಬೇಕಾಯಿತು. 2007ರಲ್ಲಿ ಅಮೆರಿಕದ ಯೂಟಾದಿಂದ ಬಂದ ಒಂದು ಅಧ್ಯಯನ ಇದೇ ಮಾತನ್ನು ಅಂಕಿಯಲ್ಲಿ ಹೇಳಿತು. ಬೈಪಾಸ್ ಆದವರಲ್ಲಿ ಹೃದ್ರೋಗ, ಮಧುಮೇಹ, ಕ್ಯಾನ್ಸರ್‌ಗಳಿಂದ ಸಾವು ಇಳಿದಿತ್ತು. ಅಪಘಾತ, ಆತ್ಮಹತ್ಯೆಯಂಥ ಸಾವು ಏರಿತ್ತು. ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಮನಸ್ಸಿನ ವೈದ್ಯರನ್ನು ಕಾಣಬೇಕು ಎನ್ನುವುದು ಇದಕ್ಕೇ. ಇಲ್ಲಿ ಧರ್ಮಕ್ಕೆ ನಿಜವಾದ ಕೆಲಸವಿದೆ. ಅದು ಮಾತ್ರ ಹೊಟ್ಟೆಯ ಗಾತ್ರ ಅಳೆಯುತ್ತ ಕೂತಿದೆ.

ಇನ್ನೊಂದು ಇಕ್ಕಟ್ಟು ಪಂಕ್ತಿಯಲ್ಲಿ. ಅನ್ನವನ್ನು ನಿಂದಿಸಬಾರದು, ತಳ್ಳಬಾರದು ಎಂಬುದು ತೈತ್ತಿರೀಯ ಉಪನಿಷತ್ತು ಹೇಳುವ ವ್ರತ. ನಮ್ಮ ಕಡೆ ಅದು ಎಲೆಯಲ್ಲಿ ಅಗುಳು ಬಿಡಬಾರದು ಎಂಬ ರೂಪಕ್ಕೆ ಇಳಿದಿದೆ. ದೈವಕ್ಕೆ ಅಗೆಲು ಬಡಿಸಿದ ಮೇಲಿನ ಊಟವಿರಲಿ, ಜಾತ್ರೆಯ ಅನ್ನಪ್ರಸಾದವಿರಲಿ, ಬೇಡ ಎನ್ನುವುದು ಬಡಿಸಿದವರಿಗೂ ದೇವರಿಗೂ ಅವಮಾನ ಎಂಬ ಅಳುಕು. ಜಠರದ ಮುಕ್ಕಾಲು ಪಾಲು ಕಳೆದುಕೊಂಡವರು ಇಲ್ಲಿ ಕೂತರೆ ನಾಲ್ಕು ತುತ್ತಿಗೆ ಹೊಟ್ಟೆ ಕಟ್ಟುತ್ತದೆ. ಐದನೆಯದು ಎದೆಯಲ್ಲಿ ನಿಂತು ವಾಂತಿಯಾಗುತ್ತದೆ. ಹಾಗಾಗಿ ಹಲವರು ಮದುವೆ, ದೈವದ ತಂಬಿಲಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಕಾಯಿಲೆ ವಾಸಿಯಾಗಿ ಊರು ತಪ್ಪಿಹೋಗುವುದೆಂದರೆ ಇದೇ. ಪ್ರಸಾದಕ್ಕೆ ಅಳತೆ ಬೇಕಿಲ್ಲ. ಒಂದು ಅಗುಳೂ ಪ್ರಸಾದವೇ. ಅಳತೆ ತಂದದ್ದು ಬಡಿಸುವವರ ಉಪಚಾರ.

ಆದ್ದರಿಂದ ಮರ್ಕಂಜದಲ್ಲೋ ಸುಳ್ಯದಲ್ಲೋ ಮುಂದಿನ ಪಂಕ್ತಿಯಲ್ಲಿ ಅನ್ನದ ಪಾತ್ರೆ ಹಿಡಿದು ಬರುವವರಲ್ಲಿ ಒಂದು ವಿನಂತಿ. ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದು ‘ಅರ್ಧ ಸೌಟು ಸಾಕು’ ಎಂದರೆ ಅರ್ಧವೇ ಬಡಿಸಿ. ಯಾಕೆ ಎಂದು ಕೇಳಬೇಡಿ, ‘ಮೊದಲು ಹೀಗಿರಲಿಲ್ಲವಲ್ಲ’ ಎನ್ನಬೇಡಿ. ಪಕ್ಕದ ಎಲೆಗೆ ಹೋಗಿ.