ಬಿಕ್ಕಲಂ ಇಲ್ಲದ ಮಾತು

ಹಳೆಯ ಕ್ರಯಪತ್ರಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಬರೆದುಕೊಟ್ಟವರ ರುಜು, ಸಾಕ್ಷಿಗಳ ರುಜು ಎಲ್ಲ ಆದ ಮೇಲೆ ಕೆಳಗೆ ಇನ್ನೊಂದು ಹೆಸರಿರುತ್ತದೆ. ‘ಬಿಕ್ಕಲಂ’ ಎಂದು ಬರೆದು, ಅದರ ಮುಂದೆ ಪತ್ರ ಬರೆದವನ ಹೆಸರು. ಜಮೀನು ಮಾರಿದವನು ಅವನಲ್ಲ, ಕೊಂಡವನೂ ಅಲ್ಲ. ಕೂಲಿ ಪಡೆದು ಬೇರೆಯವರ ಮಾತನ್ನು ಕಾಗದಕ್ಕೆ ಇಳಿಸಿದವನು, ಅಷ್ಟೆ. ಆದರೂ ಲೇಖನಿ ಯಾರದು ಎಂಬುದು ಪತ್ರದಲ್ಲೇ ದಾಖಲಾಗುತ್ತದೆ. ನಾಳೆ ತಕರಾರು ಬಂದರೆ ಕರೆದು ಕೇಳಲು ಒಬ್ಬ ಮನುಷ್ಯ ಇರಬೇಕಲ್ಲ.

ಸಾರ್ವಜನಿಕ ಸಂಪರ್ಕ, ಅಂದರೆ ಈಗ ಎಲ್ಲರ ಬಾಯಲ್ಲಿ ಪಿಆರ್ ಆಗಿರುವ ವೃತ್ತಿಯ ಬಗ್ಗೆ ಯೋಚಿಸುವಾಗೆಲ್ಲ ನನಗೆ ಈ ಬಿಕ್ಕಲಂ ನೆನಪಾಗುತ್ತದೆ. ಪಿಆರ್ ಸಲಹೆಗಾರರೂ ಕೂಲಿಗೆ ಬೇರೆಯವರ ಮಾತು ಬರೆಯುವವರೇ. ಆದರೆ ಅವರ ಕಸುಬಿನ ಜಾಣ್ಮೆ ಇರುವುದೇ ಬರೆದವರು ಕಾಣದಂತೆ ಬರೆಯುವುದರಲ್ಲಿ. ಹಾಗೆ ಬರೆದ ಮಾತಿನ ಹೊಣೆ ಯಾರದು ಎಂಬುದು ನನ್ನ ಪ್ರಶ್ನೆ.

ನನ್ನ ಗೆಳತಿಯೊಬ್ಬಳು ಬೆಂಗಳೂರಿನ ಏಜೆನ್ಸಿಯೊಂದರಲ್ಲಿ ಐದು ವರ್ಷದಿಂದ ಈ ಕೆಲಸದಲ್ಲಿದ್ದಾಳೆ. ಎಂ.ಎ. ಒಟ್ಟಿಗೆ ಮುಗಿಸಿದೆವು. ನಾನು ಪಿಎಚ್.ಡಿ.ಗೆ ಸೇರಿಕೊಂಡೆ, ಅವಳು ಕೆಲಸಕ್ಕೆ. ಬೆಳಿಗ್ಗೆ ಎದ್ದರೆ ಕನ್ನಡ, ಇಂಗ್ಲಿಷ್ ಪತ್ರಿಕೆಗಳನ್ನೆಲ್ಲ ತಿರುವಿ, ಗ್ರಾಹಕ ಕಂಪನಿಯ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಪಟ್ಟಿ ಮಾಡುವುದು ಅವಳ ಮೊದಲ ಕೆಲಸ. ಆಮೇಲೆ ಪತ್ರಿಕಾ ಪ್ರಕಟಣೆ ಬರೆಯುವುದು, ವರದಿಗಾರರಿಗೆ ಫೋನು ಮಾಡುವುದು, ಪತ್ರಿಕಾಗೋಷ್ಠಿಗೆ ಹಾಲ್ ಹುಡುಕುವುದು. ಪ್ರಕಟಣೆಯಲ್ಲಿ ಆಡಳಿತ ನಿರ್ದೇಶಕರು ಹೇಳಿದರು ಎಂದು ಉದ್ಧರಣ ಚಿಹ್ನೆಯೊಳಗೆ ಬರುವ ಮಾತು ಅವರು ಹೇಳಿದ್ದಲ್ಲ, ಇವಳು ಬರೆದದ್ದು. ಅವರು ಓದಿ ಒಪ್ಪಿರುತ್ತಾರೆ. ಕೆಲವೊಮ್ಮೆ ಓದಿಯೂ ಇರುವುದಿಲ್ಲ.

ತಿಂಗಳ ಕೊನೆಯಲ್ಲಿ ಲೆಕ್ಕ ಕೊಡಬೇಕು. ಬಂದ ಸುದ್ದಿ ಎಷ್ಟು ಕಾಲಂ, ಎಷ್ಟು ಸೆಂಟಿಮೀಟರ್, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ಗುಣಿಸಿ ತೋರಿಸುವುದು ಈ ಉದ್ಯಮದ ಹಳೆಯ ರೂಢಿ. ಅದು ಪಿಆರ್ ಕೆಲಸದ ಅಳತೆಗೋಲಲ್ಲ ಎಂದು 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕ್ಷೇತ್ರದ ಪರಿಣತರೇ ಒಪ್ಪಿಕೊಂಡರು. ರೂಢಿ ಮಾತ್ರ ಸುಲಭಕ್ಕೆ ಹೋಗಿಲ್ಲ. ಈ ಲೆಕ್ಕದ ಹಿಂದೆ ಒಂದು ನಂಬಿಕೆ ಇದೆ: ಜಾಹೀರಾತಿಗಿಂತ ಸುದ್ದಿಗೆ ಬೆಲೆ ಹೆಚ್ಚು. ಯಾಕೆ ಹೆಚ್ಚು? ಜಾಹೀರಾತಿಗೆ ಯಾರೋ ದುಡ್ಡು ಕೊಟ್ಟಿದ್ದಾರೆಂದು ಓದುಗರಿಗೆ ಗೊತ್ತು. ಸುದ್ದಿಯ ಹಿಂದೆ ದುಡ್ಡಿಲ್ಲ ಎಂದು ಅವರು ನಂಬಿರುತ್ತಾರೆ. ಅಂದರೆ ಇಲ್ಲಿ ಮಾರಾಟವಾಗುತ್ತಿರುವುದು ಮಾತಿಗಿಂತ ಹೆಚ್ಚಾಗಿ, ಆ ಮಾತಿಗೆ ಯಾರೂ ಕೂಲಿ ಕೊಟ್ಟಿಲ್ಲ ಎಂಬ ಓದುಗರ ನಂಬಿಕೆ.

ಕೂಲಿ ಪಡೆದು ಹೊಗಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಉಳಿಯುವುದು ಕಡಿಮೆ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಒಂದು ಮಹಾಕಾವ್ಯವನ್ನೇ ಬರೆದ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ, ಇಮ್ಮಡಿ ಪುಲಕೇಶಿಯ ಪ್ರಶಸ್ತಿ. ಹರ್ಷನನ್ನು ಸೋಲಿಸಿದ್ದೂ ಅದರಲ್ಲಿ ಬರುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಚಾಲುಕ್ಯ ಅರಮನೆಯ ಪತ್ರಿಕಾ ಪ್ರಕಟಣೆ. ಆದರೆ ಬರೆದ ರವಿಕೀರ್ತಿ ತನ್ನ ಹೆಸರನ್ನು ಅಲ್ಲೇ ಹೇಳುತ್ತಾನೆ. ಕಾಳಿದಾಸ, ಭಾರವಿಯರ ಸಾಲಿನಲ್ಲಿ ತನ್ನನ್ನೂ ನಿಲ್ಲಿಸಿಕೊಳ್ಳುತ್ತಾನೆ. ಯಾರನ್ನು ಹೊಗಳಿದೆ, ಯಾರು ಹೊಗಳಿದ್ದಾರೆ, ಯಾರ ಆಶ್ರಯದಲ್ಲಿ ಎಂಬುದು ಒಂದೇ ಕಲ್ಲಿನ ಮೇಲಿದೆ. ಓದುವವನು ತನಗೆ ಬೇಕಾದಷ್ಟು ಕಳೆದು ಓದಿಕೊಳ್ಳಬಹುದು. ಹೊಗಳುಭಟ್ಟನನ್ನು ನೋಡಿ ನಾವು ನಗುತ್ತೇವೆ, ಆದರೆ ಅವನಿಂದ ಮೋಸ ಹೋಗುವುದಿಲ್ಲ.

ಆಧುನಿಕ ಪಿಆರ್ ಕೂಡ ಹೀಗೆ ಬಯಲಿನಲ್ಲೇ ಕೆಲಸ ಮಾಡುತ್ತೇನೆ ಎಂಬ ಮಾತಿನೊಂದಿಗೇ ಶುರುವಾಯಿತು. ಅಮೆರಿಕದಲ್ಲಿ ಪತ್ರಕರ್ತನಾಗಿದ್ದ ಐವಿ ಲೀ 1906ರಲ್ಲಿ, ಕಲ್ಲಿದ್ದಲು ಗಣಿಗಳ ಮುಷ್ಕರದ ಸಮಯದಲ್ಲಿ, ಪತ್ರಿಕೆಗಳಿಗೆ ತನ್ನ ತತ್ವಗಳ ಘೋಷಣೆಯೊಂದನ್ನು ಕಳಿಸಿದ. ನಮ್ಮದು ಗುಟ್ಟಿನ ಕಚೇರಿಯಲ್ಲ, ಕೊಡುವ ಮಾಹಿತಿ ನಿಖರ, ಯಾರ ಪರವಾಗಿ ಕೊಡುತ್ತಿದ್ದೇವೆ ಎಂಬುದೂ ಬಹಿರಂಗ ಎನ್ನುವುದು ಅದರ ಸಾರ. ಈ ವೃತ್ತಿಯ ಪಾಠಗಳಲ್ಲಿ ಇಂದಿಗೂ ಅದು ಬರುತ್ತದೆ.

ಎಂಟು ವರ್ಷ ಕಳೆಯಿತು. 1914ರ ಏಪ್ರಿಲ್ 20ರಂದು ಕೊಲರಾಡೋದ ಲಡ್ಲೋದಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆಯಿತು. ಉರಿಯುವ ಡೇರೆಯೊಂದರ ಕೆಳಗಿನ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು, ಹನ್ನೊಂದು ಮಕ್ಕಳು ಉಸಿರುಗಟ್ಟಿ ಸತ್ತರು. ಅಲ್ಲಿನ ಮುಖ್ಯ ಗಣಿ ಕಂಪನಿ ರಾಕ್‌ಫೆಲರ್ ಮನೆತನದ ಹಿಡಿತದಲ್ಲಿತ್ತು. ಆ ಮನೆತನ ಲೀಯನ್ನು ಕರೆಸಿಕೊಂಡಿತು. ಗಣಿ ಮಾಲೀಕರ ಹೆಸರಿನಲ್ಲಿ ಸರಣಿ ಕರಪತ್ರಗಳು ಹೊರಟವು. ಬರೆದವನ ಹೆಸರು ಅವುಗಳಲ್ಲಿ ಇರಲಿಲ್ಲ. ಕಾರ್ಮಿಕ ನಾಯಕರಿಗೆ ಒಂದು ವರ್ಷದಲ್ಲಿ ಸಂದ ಹಣವನ್ನು ಒಂಬತ್ತು ವಾರಗಳಲ್ಲಿ ಸಂದದ್ದೆಂದು ಒಂದರಲ್ಲಿ ತೋರಿಸಲಾಗಿತ್ತು. 1915ರಲ್ಲಿ ಕೈಗಾರಿಕಾ ಸಂಬಂಧಗಳ ಆಯೋಗದ ಮುಂದೆ, ಈ ಸಂಗತಿಗಳು ನಿಜವೇ ಎಂದು ತಿಳಿಯಲು ನೀವೇನು ಮಾಡಿದಿರಿ ಎಂದು ಕೇಳಿದಾಗ ಲೀ, ಏನೂ ಮಾಡಲಿಲ್ಲ ಎಂದ. ಕಂಪನಿಯವರು ಕೊಟ್ಟದ್ದನ್ನು ಬರೆದಿದ್ದ.

ಈ ಉತ್ತರದಲ್ಲಿ ಪ್ರಾಮಾಣಿಕತೆಯೂ ಇದೆ. ನನ್ನನ್ನು ಕಾಡುವುದೂ ಅದೇ. ಲೀ ಸುಳ್ಳು ಹೇಳಿದ ಎನ್ನಲು ಬರುವುದಿಲ್ಲ, ಸುಳ್ಳು ಹೇಳುವವನಿಗೆ ನಿಜ ಗೊತ್ತಿರಬೇಕಾಗುತ್ತದೆ. ಅವನು ತಿಳಿಯುವ ಗೋಜಿಗೇ ಹೋಗಲಿಲ್ಲ. ಕೇಳದೆ ಇರುವುದರಿಂದ ಬರುವ ಈ ಮುಗ್ಧತೆ ಅನೇಕ ವೃತ್ತಿಗಳಲ್ಲಿ ಇದೆ. ಮಾತೇ ಸರಕಾಗಿರುವ ವೃತ್ತಿಯಲ್ಲಿ ಅದು ಇನ್ನಷ್ಟು ಅಪಾಯಕಾರಿ.

ಸುಳ್ಳೇ ಇಲ್ಲದೆಯೂ ಮೋಸ ಸಾಧ್ಯ ಎಂಬುದಕ್ಕೆ ಇನ್ನೊಂದು ಘಟನೆ ಇದೆ. 1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನ ಹಬ್ಬದ ನಡಿಗೆಯಲ್ಲಿ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸೇದುವುದು ಆಗ ಅಸಭ್ಯವೆನಿಸಿತ್ತು. ಆ ಸಿಗರೇಟುಗಳಿಗೆ ಸ್ವಾತಂತ್ರ್ಯದ ಪಂಜುಗಳು ಎಂಬ ಹೆಸರು ಸಿಕ್ಕಿತು. ಪತ್ರಿಕೆಗಳಿಗೆ ಅದು ಸ್ತ್ರೀ ಸಮಾನತೆಯ ಸುದ್ದಿಯಾಯಿತು. ಇದನ್ನೆಲ್ಲ ತೆರೆಮರೆಯಲ್ಲಿ ಏರ್ಪಡಿಸಿದವನು ಫ್ರಾಯ್ಡ್‌ನ ಸೋದರಳಿಯ ಎಡ್ವರ್ಡ್ ಬರ್ನೇಸ್. ಹಣ ಲಕ್ಕಿ ಸ್ಟ್ರೈಕ್ ಸಿಗರೇಟಿನ ಅಮೆರಿಕನ್ ಟೊಬ್ಯಾಕೊ ಕಂಪನಿಯದು. ಸಮಾನತೆ ಬೇಕು ಎಂಬ ಮಾತು ಸುಳ್ಳಲ್ಲ. ಅಲ್ಲಿ ನಡೆದ ಹೆಂಗಸರಲ್ಲಿ ಕೆಲವರಿಗಾದರೂ ಅದು ಮನಸ್ಸಿನ ಮಾತೇ ಆಗಿದ್ದಿರಬಹುದು. ಆದರೆ ಆ ಮಾತಿಗೆ ಬಿಕ್ಕಲಂ ಇರಲಿಲ್ಲ. ‘ಈ ಪಂಜುಗಳ ಖರ್ಚು ಸಿಗರೇಟು ಕಂಪನಿಯದು’ ಎಂದು ಅದೇ ಸುದ್ದಿಯ ಕೆಳಗೆ ಅಚ್ಚಾಗಿದ್ದರೆ ಆ ದಿನ ಅಲ್ಲಿ ಏನೂ ನಡೆಯುತ್ತಿರಲಿಲ್ಲ.

ಇಲ್ಲಿಂದ ನನಗೊಂದು ಒರೆಗಲ್ಲು ಸಿಗುತ್ತದೆ. ಬರೆದವರು ಯಾರು, ಹಣ ಯಾರದು ಎಂಬುದು ಗೊತ್ತಾದ ಮೇಲೂ ಆ ಮಾತಿನ ಮೇಲೆ ಕೇಳುಗರ ನಂಬಿಕೆ ಉಳಿಯುತ್ತದೆಯೇ? ಉಳಿಯುವುದಾದರೆ ಹೆಸರು ಮರೆಯಲ್ಲಿರುವುದು ಬರೀ ಶಿಷ್ಟಾಚಾರ. ಮಂತ್ರಿಗಳ ಭಾಷಣವನ್ನು ಅಧಿಕಾರಿ ಬರೆದಿರುತ್ತಾರೆಂದು ಎಲ್ಲರಿಗೂ ಗೊತ್ತು, ಯಾರೂ ಮೋಸ ಹೋಗುವುದಿಲ್ಲ. ಉಳಿಯದಿದ್ದರೆ ಆ ಮರೆಯೇ ಮೋಸ. ಹೊರಗೆ ಹೇಳಿದ ಕೂಡಲೇ ಕೆಟ್ಟುಹೋಗುವ ಉದ್ದೇಶ ಇತರರ ಹಕ್ಕಿನ ವಿಚಾರದಲ್ಲಿ ಅನ್ಯಾಯದ್ದು ಎಂದು ಕಾಂಟ್ 1795ರಲ್ಲಿ, ಶಾಶ್ವತ ಶಾಂತಿಯ ಕುರಿತ ಪ್ರಬಂಧದಲ್ಲಿ, ರಾಜಕೀಯವನ್ನು ಮನಸ್ಸಿನಲ್ಲಿಟ್ಟು ವಾದಿಸಿದ್ದ. ನಾನು ಅದನ್ನು ಒಂದು ಪತ್ರಿಕಾ ಪ್ರಕಟಣೆಯ ಮಟ್ಟಕ್ಕೆ ಇಳಿಸುತ್ತಿದ್ದೇನೆ. ಇದೇ ಕಾರಣಕ್ಕೆ ನಾನು ಮಹಾಪ್ರಬಂಧದ ಮೊದಲ ಪುಟಗಳಲ್ಲಿ, ಇದು ನನ್ನದೇ ಕೆಲಸ ಎಂದು ರುಜು ಹಾಕಬೇಕು. ದುಡ್ಡಿಗೆ ಪ್ರಬಂಧ ಬರೆದುಕೊಡುವವರು ವಿಶ್ವವಿದ್ಯಾಲಯಗಳ ಸುತ್ತಮುತ್ತ ಇಲ್ಲದಿಲ್ಲ. ಅವರು ಬರೆದ ವಾಕ್ಯಗಳೆಲ್ಲ ನಿಜವೇ ಆಗಿದ್ದರೂ ಅದು ವಂಚನೆಯೇ.

ವಕೀಲರೂ ಹಣ ಪಡೆದು ಒಂದು ಪಕ್ಷದ ಪರ ಮಾತಾಡುವುದಿಲ್ಲವೇ ಎಂದು ಕೇಳಬಹುದು. ಬರ್ನೇಸ್ ಕೂಡ 1923ರ ತನ್ನ ಪುಸ್ತಕದಲ್ಲಿ ಈ ವೃತ್ತಿಯನ್ನು ವಕೀಲಿಕೆಯ ಪಕ್ಕದಲ್ಲೇ ಇಟ್ಟ. ಆದರೆ ವಕೀಲರು ಕರಿ ಕೋಟು ಹಾಕಿ, ವಕಾಲತ್ತು ಸಲ್ಲಿಸಿ, ಇಂಥವರ ಪರ ಎಂದು ಹೇಳಿಕೊಂಡು ನಿಲ್ಲುತ್ತಾರೆ. ಎದುರಿಗೆ ಇನ್ನೊಬ್ಬ ವಕೀಲರಿದ್ದಾರೆ, ಮೇಲೆ ನ್ಯಾಯಾಧೀಶರಿದ್ದಾರೆ. ಜನಾಭಿಪ್ರಾಯದ ನ್ಯಾಯಾಲಯದಲ್ಲಿ ಹಲವು ಸಲ ಎದುರು ವಕೀಲರೇ ಇರುವುದಿಲ್ಲ. ಪಿಆರ್ ಏಜೆನ್ಸಿ ಇಟ್ಟುಕೊಳ್ಳುವ ಶಕ್ತಿ ಕಂಪನಿಗಿದೆ, ಅದರ ಗುತ್ತಿಗೆ ಕಾರ್ಮಿಕನಿಗಿಲ್ಲ.

ಗೆಳತಿಗೆ ಇದು ಅರ್ಥವಾದದ್ದು ಯಾವ ಪುಸ್ತಕದಿಂದಲೂ ಅಲ್ಲ. ಅವಳ ಏಜೆನ್ಸಿಯ ಗ್ರಾಹಕ ಕಂಪನಿಯೊಂದರ ಕಾರ್ಖಾನೆಯಲ್ಲಿ ಕಾರ್ಮಿಕರು ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ್ದರು. ರಾತ್ರಿ ಹತ್ತರೊಳಗೆ ಹೇಳಿಕೆ ಹೋಗಬೇಕಿತ್ತು. ಎಷ್ಟು ಜನ ಎಂದು ಕೇಳಿದಳು. ‘ಕೆಲವರು ಅಂತ ಹಾಕಿ’ ಎಂದರು. ಹಾಕಿದಳು. ಕಾರ್ಮಿಕರ ಆರೋಗ್ಯವೇ ನಮ್ಮ ಮೊದಲ ಆದ್ಯತೆ ಎಂಬ ಸಾಲನ್ನೂ ಸೇರಿಸಿದಳು. ಮರುದಿನ ಬೆಳಿಗ್ಗೆ ಅವಳ ತಾಯಿ ತಿಪಟೂರಿನಿಂದ ಫೋನಿನಲ್ಲಿ ಪತ್ರಿಕೆ ಓದಿ ಹೇಳಿದರು: ‘ನೋಡೇ, ಯಾವ್ದೋ ಫ್ಯಾಕ್ಟರೀಲಿ ಕೆಲವರಿಗೆ ಹುಷಾರು ತಪ್ಪಿದೆಯಂತೆ. ಕಂಪನಿಯೋರು ಪರವಾಗಿಲ್ಲ ಕಣೆ, ಎಲ್ಲಾ ಅವ್ರೇ ನೋಡ್ಕೋತಾರಂತೆ. ಪೇಪರ್ನಲ್ಲೇ ಬಂದಿದೆ.’ ಅವಳು ಬರೆದ ವಾಕ್ಯ, ಒಂದಕ್ಷರವೂ ಬದಲಾಗದೆ, ವರದಿಗಾರರ ಹೆಸರು ಹೊತ್ತು ಅವಳ ಮನೆಗೇ ಬಂದಿತ್ತು. ‘ಅದು ನಾನೇ ಬರ್ದಿದ್ದಮ್ಮ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ’ ಎಂದಳು ನನ್ನ ಹತ್ತಿರ.

‘ಕೆಲವರು’ ಸುಳ್ಳಲ್ಲ. ಮೂರು ಜನರೂ ಕೆಲವರೇ, ಮೂವತ್ತು ಜನರೂ ಕೆಲವರೇ. ಆದರೆ ತಾಯಿ ಆ ಪದವನ್ನು ಕೇಳಿಸಿಕೊಂಡದ್ದು ‘ಚಿಂತೆಯಿಲ್ಲ’ ಎಂಬ ಅರ್ಥದಲ್ಲಿ. ಪದವನ್ನು ಆರಿಸಿದ್ದೂ ಹಾಗೆ ಕೇಳಿಸಲಿ ಎಂದೇ.

ಹಾಗಾದರೆ ಹೆಸರು ಹಾಕಿದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. 1954ರ ಜನವರಿ 4ರಂದು ಅಮೆರಿಕದ ನಾನ್ನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಸಿಗರೇಟು ಸೇದುವವರಿಗೆ ಒಂದು ಪ್ರಾಂಜಲ ಹೇಳಿಕೆ ಪ್ರಕಟವಾಯಿತು. ಜನರ ಆರೋಗ್ಯದ ಕಾಳಜಿ ನಮಗೆ ಎಲ್ಲಕ್ಕಿಂತ ಮೇಲು, ಸಂಶೋಧನಾ ಸಮಿತಿಯೊಂದನ್ನು ರಚಿಸುತ್ತೇವೆ ಎಂದು ಅದರಲ್ಲಿತ್ತು. ತಂಬಾಕು ಕಂಪನಿಗಳ ಮುಖ್ಯಸ್ಥರು ಅದಕ್ಕೆ ರಾಜಾರೋಷವಾಗಿ ಹೆಸರು ಹಾಕಿದ್ದರು. ಹಿಂದಿನ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಅವರೊಂದಿಗೆ ಸೇರಿ ಇದಕ್ಕೆ ದಾರಿ ಮಾಡಿಕೊಟ್ಟ ಹಿಲ್ ಅಂಡ್ ನೋಲ್ಟನ್ ಎಂಬ ಪಿಆರ್ ಸಂಸ್ಥೆಯ ಹೆಸರು ಮಾತ್ರ ಇರಲಿಲ್ಲ. ದಶಕಗಳ ಕಾಲ ಈ ಕಂಪನಿಗಳು ಜನರನ್ನು ವಂಚಿಸಿದವು ಎಂದು ಅಮೆರಿಕದ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟದ್ದು 2006ರಲ್ಲಿ. ನಡುವೆ ಐವತ್ತೆರಡು ವರ್ಷ. ಆ ಹೇಳಿಕೆ ನಂಬಿ ಸಿಗರೇಟು ಸೇದುತ್ತಾ ಹೋದವರಲ್ಲಿ ಎಷ್ಟೋ ಜನ ತೀರ್ಪು ಕೇಳಲು ಉಳಿದಿರಲಿಲ್ಲ.

ಆದ್ದರಿಂದ ಹೊಣೆ ಎರಡು ಬಗೆಯದು. ಮಾತು ಯಾರದು ಎಂದು ಕಾಣಿಸುವುದು ಒಂದು, ಬರೆಯುವ ಮೊದಲು ಅದು ನಿಜವೇ ಎಂದು ಕೇಳುವುದು ಇನ್ನೊಂದು. ಮೊದಲನೆಯದು ಎಷ್ಟೋ ಸಲ ನೌಕರರ ಕೈಯಲ್ಲಿಲ್ಲ, ಎರಡನೆಯದು ಇದೆ. ನನಗೆ ಅಜ್ಜ ಅಪ್ಪನಿಂದ ಬಂದ ಆಸ್ತಿಯಿಲ್ಲ, ಗೆಳತಿಗೂ ಇಲ್ಲ. ತಮ್ಮನ ಫೀಸು, ಮನೆಯ ಸಾಲದ ಕಂತು ಅವಳ ಸಂಬಳದಿಂದಲೇ ಹೋಗಬೇಕು. ಫೆಲೋಶಿಪ್ ಮೇಲೆ ಬದುಕುವ ನಾನು ಅವಳಿಗೆ ಕೆಲಸ ಬಿಡು ಎಂದರೆ ಅದು ಉಪದೇಶವೇ ಹೊರತು ನೀತಿಯಲ್ಲ. ಅವಳು ಈಗ ತನಗೆ ತಾನೇ ಒಂದು ನಿಯಮ ಮಾಡಿಕೊಂಡಿದ್ದಾಳೆ. ಸಂಖ್ಯೆ ಹೇಳದಿದ್ದರೆ ‘ಕೆಲವರು’ ಎಂದು ಬರೆಯುವುದಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು, ದಯವಿಟ್ಟು ಸಂಖ್ಯೆ ತುಂಬಿ ಎಂದು ಬರೆದು ಕಳಿಸುತ್ತಾಳೆ. ಕೆಲವು ಸಲ ಸಂಖ್ಯೆ ಬರುತ್ತದೆ. ಕೆಲವು ಸಲ ಅವರೇ ‘ಕೆಲವರು’ ಎಂದು ತುಂಬಿ ಕಳಿಸುತ್ತಾರೆ. ‘ಆಗ ಆ ಪದ ಅವ್ರದ್ದು’ ಎನ್ನುತ್ತಾಳೆ.

ಅಷ್ಟರಿಂದ ಅವಳ ಹೊಣೆ ತೀರಿತೆಂದು ನಾನು ಒಪ್ಪುವುದಿಲ್ಲ. ಓದುವ ತಾಯಿಗೆ ಅದು ಯಾರ ಪದವೆಂದು ಈಗಲೂ ತಿಳಿಯುವುದಿಲ್ಲ. ಮಾತಿನ ಕೂಲಿ ಕೊಡುವವರು ಒಬ್ಬರು, ಮಾತು ಕೆಟ್ಟರೆ ಬೆಲೆ ತೆರುವವರು ಇನ್ನೊಬ್ಬರು. ಹೀಗಿರುವಾಗ ಬರೆಯುವವರ ಋಣ ಕೂಲಿ ಕೊಟ್ಟವರಿಗೆ ಮಾತ್ರ ಇರಲು ಹೇಗೆ ಸಾಧ್ಯ? ಆದರೂ ಆ ಖಾಲಿ ಜಾಗ ಸಣ್ಣದಲ್ಲ. ಲೀ ಕೇಳದೆ ಬಿಟ್ಟ ಪ್ರಶ್ನೆಯನ್ನು ಅದು ಕೇಳುತ್ತದೆ. ತುಂಬುವವರು ಒಂದು ಗಳಿಗೆಯಾದರೂ ನಿಂತು, ನಿಜವಾದ ಸಂಖ್ಯೆಯನ್ನು ನೆನೆದೇ ಮುಂದೆ ಹೋಗಬೇಕಾಗುತ್ತದೆ.